ನಾನು ದುಬೈಗೆ ಕಳಿಸಿದ ಗಂಡ

ರಾಮಮೂರ್ತಿನಗರದಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಹೋದ ಹೆಂಗಸನ್ನು ಮಾಲೀಕರು ಬಾಡಿಗೆಯ ಮಾತೆತ್ತುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಾಂಸ ಬೇಯಿಸಬಹುದೇ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಆಮೇಲಿನದು. ಮೊದಲು ಬರುವುದು ಇದು: "ನಿಮ್ ಮನೆಯವ್ರು ಏನ್ ಮಾಡ್ತಾರೆ?"

ಮನೆಯವರು ಎಂದರೆ ಗಂಡ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಜಾನೆ ಬಾಗಿಲಿಗೆ ನೀರು ಹಾಕುವವಳು, ಗ್ಯಾಸ್ ಮುಗಿಯುವ ದಿನವನ್ನು ನೆನಪಿಟ್ಟುಕೊಳ್ಳುವವಳು, ಮಗುವಿನ ಜ್ವರಕ್ಕೆ ಎದ್ದು ಕೂರುವವಳು ಆ ಮನೆಯಲ್ಲಿ ಇರುವವಳಷ್ಟೆ, ಮನೆಯವರು ಬೇರೆ. ಆ ಪದವನ್ನು ಬಹುವಚನದಲ್ಲಿ, ಗೌರವದಿಂದ, ಸ್ವಲ್ಪ ನಾಚಿಕೆಯಿಂದ ಹೇಳುವ ರೂಢಿ ನಮ್ಮದು. ನಾನೂ ಹಾಗೆ ಹೇಳಿದವಳೇ.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾ ಸ್ಪರ್ಧೆಗಳ ಹುಚ್ಚಿನವಳಾಗಿದ್ದೆ. ನಮ್ಮನ್ನು ತಯಾರು ಮಾಡುತ್ತಿದ್ದ ಕನ್ನಡ ಮೇಷ್ಟ್ರು ಒಂದು ಸೂತ್ರ ಹೇಳಿಕೊಟ್ಟಿದ್ದರು. ವಿಷಯದಲ್ಲಿ ಮುಖ್ಯವಾದ ಪದ ಯಾವುದೆಂದು ನೋಡು. ಎದುರಾಳಿಗಿಂತ ಮೊದಲು ಅದಕ್ಕೆ ಅರ್ಥ ಹೇಳು. ಅರ್ಧ ಚರ್ಚೆ ಅಲ್ಲಿಗೇ ಮುಗಿಯಿತು. ಆ ಸೂತ್ರದಿಂದ ನಾನು ಗೆದ್ದ ಫಲಕಗಳು ಇಂದಿಗೂ ತಾಯಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಆದರೆ ಒಂದು ಚಳಿಗಾಲದ ಬೆಳಿಗ್ಗೆ, ಒಬ್ಬ ಹೆಂಗಸಿನ ಬದುಕು ಒಂದು ಪದದ ಮೇಲೆ ನಿಂತಿದ್ದಾಗ, ನಾನು ಅದರ ಅರ್ಥವನ್ನು ಎದುರಾಳಿಗೆ ಬಿಟ್ಟುಕೊಟ್ಟೆ.

ನಮ್ಮ ಕೇಂದ್ರ ಇರುವುದು ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಬುರ್ಖಾ ಹೊಲಿಯುವ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಗಂಡನ ಹೊಡೆತ ತಾಳಲಾರದೆ ಹೊರಬಂದ ಹೆಂಗಸರು ಆ ಕಿರಿದಾದ ಮೆಟ್ಟಿಲು ಹತ್ತಿ ಬರುತ್ತಾರೆ. ಅವರ ಜೊತೆ ಆಸ್ಪತ್ರೆಗೆ, ಕೋರ್ಟಿಗೆ, ಮಕ್ಕಳ ಶಾಲೆಗೆ ಓಡಾಡುವುದು ನನ್ನ ಕೆಲಸ. ಎಲ್ಲಕ್ಕಿಂತ ಕಷ್ಟದ್ದು ಮನೆ ಹುಡುಕುವುದು. ನ್ಯಾಯಾಧೀಶರು ಒಪ್ಪಿದ ಹೆಂಗಸನ್ನು ಮನೆ ಮಾಲೀಕರು ಒಪ್ಪುವುದಿಲ್ಲ.

ನಾನು ಹೇಳಹೊರಟಿರುವ ಹೆಂಗಸು ಹಲಸೂರಿನವಳು, ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ. ಕಮರ್ಷಿಯಲ್ ಸ್ಟ್ರೀಟಿನ ಎರಡು ಅಂಗಡಿಗಳಿಂದ ಸೀರೆ ತಂದು, ಸೆರಗಿನ ಅಂಚಿಗೆ ರೇಷ್ಮೆ ದಾರದ ಕುಚ್ಚು ಕಟ್ಟಿಕೊಡುವುದು ಆಕೆಯ ಕಸುಬು. ಗಂಡ ಬಾಡಿಗೆ ಕಾರು ಓಡಿಸುವವನು. ಕೈಕಸುಬು ತಲೆಗೇರಿದೆ ಎಂದು ಹೇಳಿ ಆತ ಒಂದು ದಿನ ಆಕೆಯ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಹಿಂದಕ್ಕೆ ಬಗ್ಗಿಸಿ ಮುರಿದ. ಒಂಬತ್ತು ವರ್ಷದ ಮಗಳು ನೋಡುತ್ತಿದ್ದಳು. ಅಕ್ಕ ಮಗಳ ಕೈ ಹಿಡಿದು ಹೊರಬಂದದ್ದು ಅದೇ ದಿನ. ಬೆರಳುಗಳು ಕೂಡಿಕೊಂಡವು, ಆದರೆ ಮತ್ತೆ ಮಡಚಲಿಲ್ಲ. ಉಳಿದ ಮೂರರಲ್ಲೇ ಗಂಟು ಹಾಕುವುದನ್ನು ಆಕೆ ನಮ್ಮ ಕೇಂದ್ರದ ಕಿಟಕಿಯ ಬಳಿ ಕುಳಿತು ಹೊಸದಾಗಿ ಕಲಿತಳು. ಕೆಲವು ತಿಂಗಳ ಓಡಾಟದ ನಂತರ ಕೋರ್ಟು ರಕ್ಷಣೆಯ ಆದೇಶ ಕೊಟ್ಟಿತು: ಆಕೆ ಇರುವ ಮನೆಯ ಹತ್ತಿರ, ಆಕೆ ಕೆಲಸ ಮಾಡುವ ಜಾಗದ ಹತ್ತಿರ ಆತ ಸುಳಿಯಕೂಡದು.

ಆದರೆ ಆಕೆ ಇರುವ ಮನೆ ಎಂಬುದು ಇನ್ನೂ ಇರಲಿಲ್ಲ.

ದೊಡ್ಡನೆಕ್ಕುಂದಿಯಿಂದ ಹುಡುಕತೊಡಗಿದೆವು. ಕಾರ್ಖಾನೆಗೆ ಹೋಗುವ ಹುಡುಗರಿಗೆ ಕೊಡುತ್ತೇವೆ, ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂದರು. ಆಮೇಲೆ ಕೆ.ಆರ್. ಪುರದ ಕಡೆ ನೋಡಿದೆವು, ಆಮೇಲೆ ರಾಮಮೂರ್ತಿನಗರ. ಪ್ರತಿ ಬಾಗಿಲಲ್ಲೂ ಅಕ್ಕ ನಿಜ ಹೇಳಿದಳು. "ನಾನೂ ನನ್ ಮಗಳೂ ಇಬ್ರೇ ಇರೋದು. ಗಂಡ ಜೊತೆಗಿಲ್ಲ." ಪ್ರತಿ ಬಾಗಿಲಲ್ಲೂ ಮುಖಗಳು ಒಂದೇ ರೀತಿ ಬಿಗಿದುಕೊಂಡವು. ಒಬ್ಬರು ಮನೆ ನಿನ್ನೆಯಷ್ಟೇ ಹೋಯಿತು ಎಂದರು. ಅವರ ತಲೆಯ ಮೇಲೆಯೇ ಬಾಡಿಗೆಗಿದೆ ಎಂಬ ಹಲಗೆ ತೂಗುತ್ತಿತ್ತು. ಇನ್ನೊಬ್ಬರು ಬಹಳ ಮೆತ್ತಗೆ, "ತಪ್ಪು ತಿಳ್ಕೋಬೇಡಿ, ಸಂಸಾರಸ್ಥರಿಗೆ ಮಾತ್ರ," ಎಂದರು. ಅಕ್ಕ ಮಗಳ ತಲೆ ಸವರಿ, "ಇದೇನ್ ಸರ್, ಸರ್ಕಸ್ಸಾ?" ಎಂದು ಕೇಳಿ ಹೊರಬಂದಳು.

ಎಂಟನೆಯ ಮನೆ ನಾಲ್ಕಂತಸ್ತಿನದು. ಒಂದು ಕಾಲಕ್ಕೆ ಅಲ್ಲಿ ಆ ಮನೆತನದವರ ರಾಗಿ ಹೊಲವಿತ್ತಂತೆ. ಈಗ ಹೊಲದಲ್ಲಿ ಬಾಡಿಗೆದಾರರು ಬೆಳೆದಿದ್ದರು. ಮನೆಯೊಡತಿಯನ್ನು ಕಟ್ಟಡದವರೆಲ್ಲ ಓನರಮ್ಮ ಎನ್ನುತ್ತಿದ್ದರು. ಅರವತ್ತು ದಾಟಿದ ಗಟ್ಟಿ ಹೆಂಗಸು. ಗೇಟಿನ ಒಳಗೆ ಬಿಸಿಲಿಗೆ ಕುಳಿತು, ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೂರನೆಯ ಅಂತಸ್ತಿನ ಮನೆ ತೋರಿಸಿದರು. ಒಂದು ಕೋಣೆ, ಅಡುಗೆಮನೆ, ಪೂರ್ವಕ್ಕೆ ಕಿಟಕಿ. ಕಿಟಕಿಯ ಬೆಳಕು ನೋಡಿದ್ದೇ ಅಕ್ಕನ ಮುಖ ಬದಲಾಯಿತು. ಕುಚ್ಚು ಕಟ್ಟುವವರಿಗೆ ಬೆಳಕೇ ಬಂಡವಾಳ. ಮಗಳು ಆಗಲೇ ಕಿಟಕಿಯ ಕೆಳಗೆ ತನ್ನ ಪುಸ್ತಕ ಇಡುವ ಮೂಲೆ ಗುರುತಿಸಿದ್ದಳು.

ಕೆಳಗಿಳಿದಾಗ ಓನರಮ್ಮ ಸುಲಿಯುವುದನ್ನು ನಿಲ್ಲಿಸದೆ ಕೇಳಿದರು. "ಎಲ್ಲಾ ಸರಿ ಕಣಮ್ಮಾ. ನಿಮ್ ಮನೆಯವ್ರು?"

ಅಕ್ಕ ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಹೇಳಿದೆ: "ದುಬೈನಲ್ಲಿದ್ದಾರೆ."

ಅದು ಎಲ್ಲಿಂದ ಬಂತೆಂದು ನನಗೇ ತಿಳಿಯದು. ಶಿವಾಜಿನಗರದ ಗಾಳಿಯಲ್ಲಿ ದುಬೈ ಸದಾ ತೇಲುತ್ತಿರುತ್ತದೆ. ಬಹುಶಃ ಅಲ್ಲಿಂದ ನಾಲಿಗೆಗೆ ಅಂಟಿಕೊಂಡಿರಬೇಕು. ಓನರಮ್ಮನ ಮುಖ ಅರಳಿತು. "ಓ, ದುಬೈಯಾ? ಮೊದ್ಲೇ ಹೇಳ್ಬಾರ್ದಾ? ಕೂತ್ಕೊಳ್ರಮ್ಮ, ಕಾಫಿ ತರ್ತೀನಿ." ಕರಾರು ಪತ್ರ ನಾನೇ ಬರೆಸಿದೆ. ಕಾಗದದ ಭಾಷೆಯಲ್ಲಿ ಇಂಥವರ ಹೆಂಡತಿ ಎನ್ನುವುದಕ್ಕೆ 'ಕೋಂ' ಎಂಬ ಒಂದಕ್ಷರ ಇದೆ. ಅಕ್ಕನ ಹೆಸರು, ಕೋಂ, ಆತನ ಹೆಸರು. ಹೀಗೆ ಬೆರಳು ಮುರಿದವನನ್ನು ನಾನೇ ಕೈಹಿಡಿದು ಆ ಮನೆಯ ಕಾಗದದೊಳಗೆ ಕೂರಿಸಿದೆ.

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಬೀಗುತ್ತಿದ್ದೆ. ಅಕ್ಕ ಮಾತ್ರ ಹೊರಗೆ ನೋಡುತ್ತ, "ಮೇಡಂ, ಮನೆಗೆ ಬಾಡಿಗೆ ಕೊಡ್ತೀನಿ, ಸರಿ. ಈ ಸುಳ್ಳಿಗೂ ದಿನಾ ಏನಾದ್ರೂ ಕೊಡ್ತಾ ಇರ್ಬೇಕಲ್ಲ?" ಎಂದಳು.

ನಮ್ಮ ಕೇಂದ್ರವನ್ನು ನಡೆಸುವ ಹಿರಿಯ ಹೆಂಗಸನ್ನು ಎಲ್ಲರೂ ಆಪಾ ಎನ್ನುತ್ತೇವೆ. ಅವರದು ಶಿವಾಜಿನಗರದ್ದೇ ಹಳೆಯ ವ್ಯಾಪಾರಿ ಮನೆತನ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ. ವಿಷಯ ಕೇಳಿ ಚಹಾದ ಲೋಟವನ್ನು ಕೆಳಗಿಟ್ಟರು.

"ದುಬೈಗೆ ಕಳಿಸ್ಬಿಟ್ಟ್ಯಾ? ವೀಸಾ ಯಾರು ಕೊಟ್ಟಿದ್ದು ಬೇಟಾ, ನೀನಾ?"

"ಬೇರೆ ದಾರಿ ಇರ್ಲಿಲ್ಲ ಆಪಾ."

"ಅರೆ, ಸುಳ್ಳೇ ಹೇಳೋದಾಗಿದ್ರೆ ಸಾಯ್ಸಿಬಿಡ್ಬೇಕಿತ್ತು. ನಮ್ ಗಲ್ಲೀಲಿ ಅರ್ಧ ಗಂಡಸ್ರು ಗಲ್ಫಲ್ಲಿದಾರೆ. ಗಲ್ಫಿಗೆ ಹೋದವ್ನು ಒಂದಿನ ವಾಪಸ್ ಬರ್ತಾನೆ. ಬಂದ್ರೆ ಬಾಗ್ಲು ತೆಗೀತಾರೆ, ಹಾರ ಹಾಕ್ತಾರೆ."

ನಾನು ಎದ್ದು ನಿಂತೇ ವಾದಿಸಿದೆ. ಸುರಕ್ಷೆ ಮೊದಲು, ಸತ್ಯ ಆಮೇಲೆ ಎಂದೆ. ನಿಜ ಹೇಳಿದವಳಿಗೆ ಬಾಗಿಲು ಮುಚ್ಚುವ ಸಮಾಜಕ್ಕೆ ನಿಜ ಕೇಳುವ ಹಕ್ಕಿಲ್ಲ ಎಂದೆ. ಮೂರನೆಯದಾಗಿ ಏನೋ ಹೇಳಿದೆ. ಮೂರು ಅಂಶಗಳಿಲ್ಲದೆ ನನಗೆ ವಾದ ಮುಗಿಸಲು ಬರುತ್ತಿರಲಿಲ್ಲ. ಆಪಾ ಪೂರ್ತಿ ಕೇಳಿ, "ಮಾತು ಚೆನ್ನಾಗಾಡ್ತೀಯ," ಎಂದು ಚಹಾ ಕುಡಿದರು. ಅದನ್ನು ನಾನು ಗೆಲುವೆಂದು ತಿಳಿದೆ.

ಅಕ್ಕ ಹೇಳಿದ್ದು ಸರಿಯಾಗಿತ್ತು. ಸುಳ್ಳಿಗೆ ದಿನವೂ ಏನಾದರೂ ಬೇಕಾಗುತ್ತಿತ್ತು. "ಅಲ್ಲಿ ಯಾವ್ ಕೆಲ್ಸ?" ಎಂದು ಓನರಮ್ಮ ಕೇಳಿದ ದಿನ ಆತ ಕ್ರೇನ್ ನಡೆಸುವವನಾದ. "ಫೋನ್ ಮಾಡೋದೇ ಕೇಳ್ಸಲ್ವಲ್ಲ?" ಎಂದ ದಿನ ಅವನಿಗೆ ರಾತ್ರಿ ಪಾಳಿ ಬಂತು. "ಬೇರೆಯವ್ರೆಲ್ಲ ದುಬೈಯಿಂದ ಖರ್ಜೂರ ಕಳಿಸ್ತಾರಪ್ಪ," ಎಂದು ನಗುತ್ತ ಹೇಳಿದ ವಾರ ನಾನೇ ಶಿವಾಜಿನಗರದ ಮಾರುಕಟ್ಟೆಯಲ್ಲಿ ಒಂದು ಡಬ್ಬಿ ಒಳ್ಳೆಯ ಖರ್ಜೂರ ಕೊಂಡು, ಅಂಗಡಿಯ ಚೀಟಿ ಕಿತ್ತು, ಅಕ್ಕನ ಕೈಗೆ ಕೊಟ್ಟೆ. ಓನರಮ್ಮ ಅದನ್ನು ಕಟ್ಟಡಕ್ಕೆಲ್ಲ ಹಂಚಿದರಂತೆ. ಕೋರ್ಟಿನ ಆದೇಶ ಮಾತ್ರ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ದುಬೈಯಲ್ಲಿರುವ ಒಳ್ಳೆಯ ಗಂಡನ ವಿರುದ್ಧದ ಆದೇಶವನ್ನು ಮನೆಯೊಡತಿಗೆ ತೋರಿಸುವುದಾದರೂ ಹೇಗೆ? ಬಾಗಿಲು ಕಾಯಬೇಕಾದ ಕಾಗದವನ್ನು ನನ್ನ ಸುಳ್ಳು ಬಚ್ಚಿಡಿಸಿತ್ತು.

ಹುಡುಗಿ ಶಾಲೆಯಲ್ಲೂ ದುಬೈ ಎಂದೇ ಹೇಳಬೇಕಾಗಿತ್ತು. ಒಮ್ಮೆ ನಾನು ಹೋದಾಗ ಕಿಟಕಿಯ ಮೂಲೆಯಿಂದ ತಲೆಯೆತ್ತಿ ಕೇಳಿದಳು. "ಆಂಟಿ, ದುಬೈಗೆ ಹೋದವ್ರು ಎಲ್ರೂ ವಾಪಸ್ ಬರ್ತಾರಾ?"

ಅವಳ ಕಣ್ಣಲ್ಲಿ ಇದ್ದದ್ದು ಆಸೆಯಲ್ಲ. ನಾನು ಅವಳ ಗಣಿತದ ಪುಸ್ತಕ ತೆರೆದು, ಲೆಕ್ಕ ಎಲ್ಲಿಗೆ ಬಂತೆಂದು ಕೇಳಿದೆ.

ಆತ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆಯ ಕಟ್ಟು ಹೊತ್ತ ಅಕ್ಕನನ್ನು ಕಂಡು, ಬಸ್ಸಿನ ಹಿಂದೆ ಕಾರು ಬಿಟ್ಟುಕೊಂಡು ಬಂದು, ಹಿಂದಿನ ವಾರವೇ ಮನೆ ಗುರುತು ಮಾಡಿಕೊಂಡಿದ್ದನೆಂದು ಆಮೇಲೆ ತಿಳಿಯಿತು. ಶನಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ವೀಟಿನ ಪೊಟ್ಟಣ ಹಿಡಿದು ಗೇಟಿನಲ್ಲಿ ನಿಂತ. ಓನರಮ್ಮ ಯಾರು ಎಂದರು.

"ಮೂರನೇ ಫ್ಲೋರ್ ಅವ್ರ ಮನೆಯವ್ರು ನಾನು."

ಓನರಮ್ಮ ಸಂಭ್ರಮದಿಂದ, "ಅಯ್ಯೋ, ದುಬೈಯಿಂದ ಯಾವಾಗ ಬಂದ್ರಿ?" ಎಂದರಂತೆ. ಆತ ಒಂದು ಕ್ಷಣ ತಡೆದು, ನಕ್ಕು, "ಇವತ್ ಬೆಳಿಗ್ಗೆನೇ ಅಮ್ಮ," ಎಂದನಂತೆ. ಅಕ್ಕ ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದಳು. ಓನರಮ್ಮ ತಮ್ಮ ಬಳಿ ಇರುವ ಇನ್ನೊಂದು ಬೀಗದ ಕೈ ತಂದು ಆತನ ಕೈಗಿಟ್ಟರು. ಮೇಲಕ್ಕೆ ಕಾಫಿಯನ್ನೂ ಕಳಿಸಿದರು.

ಆ ಹೊತ್ತಿಗೆ ನಾನು ಇಂದಿರಾನಗರದ ಒಂದು ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗೆ ತೀರ್ಪುಗಾರಳಾಗಿ ಕುಳಿತಿದ್ದೆ. ಮೊಬೈಲ್ ವರವೋ ಶಾಪವೋ ಎಂಬುದು ವಿಷಯ. ನನ್ನ ಮೊಬೈಲ್ ನಡುಗಿತು. ಅಕ್ಕನ ದನಿ ಬಹಳ ಕೆಳಗಿತ್ತು. "ಮೇಡಂ, ಬಾಗ್ಲು ತೆಗ್ದಿದೆ. ಒಳಗೆ ಇವ್ರು ಕೂತಿದಾರೆ. ನಾನು ಒಳಗೆ ಹೋಗ್ಲಿಲ್ಲ. ಕೆಳಗೆ ಬಂದ್ಬಿಟ್ಟೆ."

"ಅಲ್ಲೇ ಇರಿ ಅಕ್ಕಾ, ಗೇಟ್ ಹತ್ರ, ಜನ ಇರೋ ಕಡೆ," ಎಂದು ಹೇಳಿ ಅಂಕಪಟ್ಟಿಯನ್ನು ಪಕ್ಕದವರ ಕೈಗೆ ತುರುಕಿ ಆಟೋ ಹತ್ತಿದೆ. ಆಪಾ ಫೋನಿನಲ್ಲೇ, "ಪೊಲೀಸ್ರಿಗೆ ನಾನ್ ಹೇಳ್ತೀನಿ. ಆರ್ಡರ್ ಕಾಪಿ ನಿನ್ ಬ್ಯಾಗಲ್ಲಿದ್ಯಾ? ಅದನ್ನ ತಗೊಂಡ್ ಹೋಗು. ಬಾಯನ್ನ ತಗೊಂಡ್ ಹೋಗ್ಬೇಡ," ಎಂದರು. ಟಿನ್ ಫ್ಯಾಕ್ಟರಿಯ ಬಳಿ ವಾಹನಗಳು ಎಂದಿನಂತೆ ಕಲ್ಲುಗಟ್ಟಿ ನಿಂತಿದ್ದವು. ಇಳಿದು ಒಂದಷ್ಟು ದೂರ ಓಡಿ ಬೇರೆ ಆಟೋ ಹಿಡಿದೆ.

ಗೇಟಿನ ಬಳಿ ಏಳೆಂಟು ಮಂದಿ ಸೇರಿದ್ದರು. ಮಗಳನ್ನು ಓನರಮ್ಮನ ಹಜಾರದೊಳಗೆ ಕಳಿಸಿ ಅಕ್ಕ ಕಾಂಪೌಂಡಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಆತ ಮೆಟ್ಟಿಲಿಳಿದು ಬಂದು ಎಲ್ಲರಿಗೂ ಕೇಳುವಂತೆ, ಸೌಮ್ಯವಾಗಿ ಮಾತಾಡುತ್ತಿದ್ದ.

"ಏನಿಲ್ಲ ಅಮ್ಮಾ, ಗಂಡ ಹೆಂಡ್ತಿ ಅಂದ್ಮೇಲೆ ಒಂದ್ ಮಾತು ಬರತ್ತೆ, ಒಂದ್ ಮಾತು ಹೋಗತ್ತೆ. ಕರ್ಕೊಂಡ್ ಹೋಗಕ್ಕೇ ಬಂದಿರೋದು."

"ಹೋಗಮ್ಮಾ, ಅಷ್ಟ್ ದೂರದಿಂದ ಬಂದವ್ರೆ," ಎಂದರು ಓನರಮ್ಮ.

ನಾನು ಜನರನ್ನು ಸೀಳಿಕೊಂಡು ಮುಂದೆ ನಿಂತೆ. "ನೀವು ಇಲ್ಲಿಗೆ ಬರೋ ಹಾಗೇ ಇಲ್ಲ. ಕಾನೂನಿನ ಪ್ರಕಾರ..." ಎಂದು ಆರಂಭಿಸಿದೆ.

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. "ಓ, ನೀವೇನಾ ಮೇಡಂ? ಈ ಅಮ್ಮ ಎಲ್ಲಾ ಹೇಳಿದ್ರು. ನೀವೇ ತಾನೇ ನನ್ನನ್ನ ದುಬೈಗೆ ಕಳ್ಸಿದ್ದು? ಬಂದ್ಬಿಟ್ಟೆ ನೋಡಿ. ಅಗ್ರಿಮೆಂಟಲ್ಲೂ ನನ್ ಹೆಸ್ರೇ ಬರ್ಸಿದೀರ, ಕೋಂ ಅಂತ. ಟ್ರಂಕಲ್ಲಿ ನೋಡ್ದೆ. ಥ್ಯಾಂಕ್ಸ್."

ಯಾರೋ ಕಿಸಕ್ಕನೆ ನಕ್ಕರು. ಓನರಮ್ಮ ನನ್ನ ಕಡೆ ತಿರುಗಿದರು. "ಏನಮ್ಮಾ ಇದು? ದುಬೈ ಅಂತ ಹೇಳ್ದೋಳು ನೀನೇ ಅಲ್ವಾ?"

ವೇದಿಕೆಯ ಮೇಲೆ ನಾನು ಎಂದೂ ಮಾತು ಕಳೆದುಕೊಂಡವಳಲ್ಲ. ಅಂದು ಕಳೆದುಕೊಂಡೆ. ನನ್ನ ಪ್ರತಿ ವಾಕ್ಯಕ್ಕೂ ಆತನ ಬಳಿ ನನ್ನದೇ ವಾಕ್ಯವಿತ್ತು. ನಾನು ಆತನನ್ನು ಸೃಷ್ಟಿಸಿದ್ದೆ, ಒಳ್ಳೆಯವನನ್ನಾಗಿ ಮಾಡಿದ್ದೆ, ಅವನ ಹೆಸರಿನಲ್ಲಿ ಕಟ್ಟಡಕ್ಕೆಲ್ಲ ಖರ್ಜೂರ ಹಂಚಿಸಿದ್ದೆ.

ಆಗ ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು.

"ಓನರಮ್ಮಾ, ದುಬೈ ಸುಳ್ಳು. ಮೇಡಂ ಹೇಳಿದ್ರು, ನಾನೂ ಸುಮ್ನಿದ್ದೆ. ಸುಮ್ನಿದ್ದಿದ್ದೂ ಸುಳ್ಳೇ. ಇವ್ರು ಹಲಸೂರು ಬಿಟ್ಟು ಎಲ್ಲೂ ಹೋಗಿಲ್ಲ." ಬಲಗೈ ಎತ್ತಿ ಹಿಡಿದಳು. ಎರಡು ಬೆರಳುಗಳು ನೆಟ್ಟಗೆ ನಿಂತಿದ್ದವು. "ಇದನ್ನ ಬಾಗ್ಲಿಗೆ ಸಿಕ್ಕಾಕೊಂಡಿದ್ದು ಅಂತ ನಾನು ಅಂದಿದ್ನಲ್ಲ ನಿಮ್ಗೆ? ಅದೂ ಸುಳ್ಳೇ. ಇವ್ನು ಮುರ್ದಿದ್ದು."

ಇವರು ಎನ್ನುತ್ತಿದ್ದವಳು ಇವನು ಎಂದಳು. ಅಷ್ಟೂ ತಿಂಗಳುಗಳಲ್ಲಿ, ಕೋರ್ಟಿನ ಕಟಕಟೆಯಲ್ಲಿ ಕೂಡ, ಆ ಒಂದಕ್ಷರದ ಬದಲಾವಣೆ ಆಕೆಯ ಬಾಯಲ್ಲಿ ನಾನು ಕೇಳಿರಲಿಲ್ಲ. ಆತನ ನಗು ಅಲ್ಲೇ ನಿಂತಿತು.

"ಏಯ್, ಗಂಡನ್ನ ಹಿಂಗಾ ಮಾತಾಡ್ಸೋದು?"

ಅಕ್ಕ ಆತನ ಕಡೆ ನೋಡಲೇ ಇಲ್ಲ. "ಅವತ್ತು ಕೇಳಿದ್ರಲ್ಲ ಓನರಮ್ಮಾ, ನಿಮ್ ಮನೆಯವ್ರು ಯಾರು ಅಂತ? ಈಗ ಹೇಳ್ತೀನಿ. ಬೆಳಿಗ್ಗೆ ಬಾಗ್ಲಿಗೆ ನೀರ್ ಹಾಕೋಳು ನಾನು. ಬಾಡಿಗೆ ಕೊಡೋಳು ನಾನು. ಆ ಕಿಟ್ಕಿ ಕೆಳ್ಗೆ ಕೂತು ಓದೋಳು ನನ್ ಮಗಳು. ಮನೆಯವ್ರು ಅಂದ್ರೆ ನಾವು. ಇವ್ನು ಹೊರಗಿನವ್ನು." ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಆ ಪೇಪರ್ ಓದಿ. ಜೋರಾಗ್ ಓದಿ. ನಿಮ್ಗೆ ಅದ್ ಚೆನ್ನಾಗ್ ಬರತ್ತಲ್ಲ," ಎಂದಳು.

ಮೇಷ್ಟ್ರ ಸೂತ್ರವನ್ನು ಆಕೆ ಎಂದೂ ಕೇಳಿರಲಿಲ್ಲ. ಪದಕ್ಕೆ ಅರ್ಥ ಹೇಳಿ ಮುಗಿಸಿದ್ದಳು. ನನಗೆ ಉಳಿದದ್ದು ಓದುವುದು ಮಾತ್ರ. ಓದಿದೆ. ಇಂಗ್ಲಿಷಿನಲ್ಲಿದ್ದ ಆದೇಶವನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸುತ್ತ, ಸಭಾಂಗಣದ ಕೊನೆಯ ಸಾಲಿಗೆ ಕೇಳಿಸುವ ದನಿಯಲ್ಲಿ, ಎದುರು ಮನೆಯ ಬಾಲ್ಕನಿಗಳಿಗೂ ಕೇಳುವಂತೆ. ಆ ಕಾಗದದಲ್ಲಿ ಆತ ಎಲ್ಲಿಯೂ ಮನೆಯವರಾಗಿರಲಿಲ್ಲ; ಮೊದಲಿನಿಂದ ಕೊನೆಯವರೆಗೆ ಪ್ರತಿವಾದಿಯಾಗಿದ್ದ. ಪ್ರತಿವಾದಿಯು ಅರ್ಜಿದಾರಳ ವಾಸದ ಮನೆಯನ್ನು ಪ್ರವೇಶಿಸತಕ್ಕದ್ದಲ್ಲ ಎಂಬ ಸಾಲಿಗೆ ಬಂದಾಗ ಓನರಮ್ಮ ಕೈ ಎತ್ತಿ ತಡೆದರು.

"ಅದ್ನ ಇನ್ನೊಂದ್ ಸಲ ಓದು."

ಓದಿದೆ.

ಓನರಮ್ಮ ನಿಧಾನವಾಗಿ ಆತನ ಮುಂದೆ ಹೋಗಿ ಕೈ ಚಾಚಿದರು. "ಕೀ ಕೊಡಪ್ಪಾ."

"ಅಮ್ಮಾ, ನಾನ್ ಅವಳ ಗಂಡ."

"ಗಂಡ ಆದ್ರೆ ಅವ್ಳಿಗೆ. ಕೀ ನಂದು. ಕೊಡು."

ಆತ ಸುತ್ತ ನೋಡಿದ. ಕಿಸಕ್ಕನೆ ನಕ್ಕಿದ್ದವರೂ ಈಗ ನಗುತ್ತಿರಲಿಲ್ಲ. ಕೀಲಿಕೈಯನ್ನು ನೆಲಕ್ಕೆ ಎಸೆದ. ಓನರಮ್ಮ ಬಗ್ಗಲಿಲ್ಲ. "ಎತ್ತಿ ಕೊಡು," ಎಂದರು. ಆತ ಎತ್ತಿ ಕೊಡುವುದಕ್ಕೂ ಪೊಲೀಸರ ಜೀಪು ರಸ್ತೆಯ ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು. ಆದೇಶದ ಪ್ರತಿ ನೋಡಿದರು, ಆತನನ್ನು ಕರೆದೊಯ್ದರು. ಆಮೇಲಿನ ಕೇಸು ತನ್ನದೇ ನಡಿಗೆಯಲ್ಲಿ ಇಂದಿಗೂ ನಡೆಯುತ್ತಿದೆ.

ಜನ ಚದುರಿದ ಮೇಲೆ ಓನರಮ್ಮ ನಮ್ಮಿಬ್ಬರನ್ನೂ ನೋಡಿದರು. ಅವರ ಕಣ್ಣಲ್ಲಿ ಕರುಣೆಗಿಂತ ಹೆಚ್ಚಾಗಿ ಅವಮಾನವಿತ್ತು. "ನನ್ ಮನೆ ಕಾಫಿ ಕುಡ್ಕೊಂಡು ನನ್ಗೇ ಸುಳ್ಳು ಹೇಳಿದ್ರಿ. ನಾಳೆ ಬನ್ನಿ, ಮಾತಾಡಣ."

ಮನೆ ಹೋಯಿತೆಂದೇ ಅಂದುಕೊಂಡೆ. ಮಾರನೆಯ ಬೆಳಿಗ್ಗೆ ಹೋದಾಗ ಬಾಗಿಲ ಬಳಿ ಎರಡು ಚೀಲಗಳು ಕಟ್ಟಿ ಕುಳಿತಿದ್ದವು. ಮಗಳು ಕಿಟಕಿಯ ಮೂಲೆಯಿಂದ ಪುಸ್ತಕಗಳನ್ನು ತೆಗೆದಿರಲಿಲ್ಲ, ತೆಗೆಯೆಂದರೂ ತೆಗೆಯಲಿಲ್ಲವಂತೆ. ಕೆಳಗಿಳಿಯುವಾಗ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅಕ್ಕ ಮೆಟ್ಟಿಲ ಮೇಲೇ ನಿಂತು, "ಮೇಡಂ, ಇವತ್ತು ನೀವು ಮಾತಾಡ್ಬೇಡಿ," ಎಂದಳು.

ಓನರಮ್ಮನ ಮುಂದೆ ಮತ್ತೆ ಮೊರವಿತ್ತು. ರಾತ್ರಿ ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದರು. "ನನ್ ಮಗ ಖಾಲಿ ಮಾಡ್ಸು ಅಂತವ್ನೆ. ಪೊಲೀಸ್ ಜೀಪು ಬಂದಿದ್ದ ಮನೆ ಅಂತ ಹೆಸರಾಗತ್ತಂತೆ. ನೀನೇನಂತೀಯ?"

"ನಾನ್ ಖಾಲಿ ಮಾಡಲ್ಲ ಓನರಮ್ಮಾ."

ಅವರು ತಲೆಯೆತ್ತಿದರು.

"ಚೀಲ ಕಟ್ಟಿದೀನಿ, ನಿಜ. ಕಟ್ಟಿದ್ಮೇಲೆ ಯೋಚ್ನೆ ಮಾಡ್ದೆ. ಹೊಡ್ದೋನು ಅಲ್ಲಿ ಸ್ವಂತ ಮನೇಲಿರ್ತಾನೆ, ಹೊಡೆಸ್ಕೊಂಡೋಳು ಊರೂರು ಚೀಲ ಹೊರ್ಬೇಕು. ಸಾಕು. ಹನ್ನೊಂದ್ ತಿಂಗ್ಳಿಗೆ ಬರ್ದಿದೀವಿ, ನಾನಿರ್ತೀನಿ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳ್ತೀನಿ, ಕಾಲಿಗೆ ಬೇಕಾದ್ರೂ ಬೀಳ್ತೀನಿ. ಹೊಡೆಸ್ಕೊಂಡಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ."

ಓನರಮ್ಮ ಮತ್ತೆ ಕಾಳು ಹಿಸುಕತೊಡಗಿದರು. ಒಂದೊಂದು ಕಾಳೂ ಸಿಪ್ಪೆಯಿಂದ ಜಾರಿ ಪಾತ್ರೆಗೆ ಬೀಳುತ್ತಿತ್ತು. ಕೊನೆಗೆ, ತಮಗೇ ಹೇಳಿಕೊಳ್ಳುವಂತೆ, "ಕೀ ಕೊಟ್ಟೋಳು ನಾನೇ. ಯಾರು, ಏನು ಅಂತ ಒಂದ್ ಮಾತ್ ಕೇಳ್ಲಿಲ್ಲ. ಮನೆಯವ್ರು ಅಂದ, ಕೊಟ್ಬಿಟ್ಟೆ," ಎಂದರು. ಆಮೇಲೆ ದನಿ ಗಡುಸಾಗಿ ನನ್ನ ಕಡೆ ಬೆರಳು ತೋರಿಸಿದರು. "ಇವ್ಳು ಇನ್ನೊಂದ್ ಸುಳ್ಳು ಹೇಳಿದ್ರೆ ಇಬ್ರೂ ಆಚೆ. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದೆ.

"ಆ ಖರ್ಜೂರ ಎಲ್ಲಿಂದು?"

"ಶಿವಾಜಿನಗರದ್ದು."

"ಚೆನ್ನಾಗಿತ್ತು," ಎಂದು ಮತ್ತೆ ಮೊರಕ್ಕೆ ಬಗ್ಗಿದರು.

ಅದೇ ವಾರ ಕರಾರು ಪತ್ರವನ್ನು ಹೊಸದಾಗಿ ಬರೆಸಲು ಮೂವರೂ ಕೆ.ಆರ್. ಪುರದ ಟೈಪಿಂಗ್ ಅಂಗಡಿಗೆ ಹೋದೆವು. ಹಾಗೆ ಮಾಡಬೇಕೆಂದು ಹೇಳಿದವಳು ಅಕ್ಕನೇ. ಟೈಪ್ ಮಾಡುವವರು ಹೆಸರು ಬರೆದು, ಕಣ್ಣೆತ್ತದೆ, "ಕೋಂ?" ಎಂದರು.

"ಕೋಂ ಬೇಡ," ಎಂದಳು ಅಕ್ಕ.

"ಬೇಡ ಅಂದ್ರೆ ಆಗಲ್ಲಮ್ಮ. ಫಾರ್ಮ್ಯಾಟಲ್ಲಿ ಬರತ್ತೆ. ಏನ್, ತೀರ್ಕೊಂಡಿದಾರಾ?"

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡೆ.

"ಬದ್ಕಿದಾನೆ. ಬೇಡ," ಎಂದಳು ಅಕ್ಕ.

"ಮತ್ತೆ ಆ ಜಾಗ್ದಲ್ಲಿ ಏನ್ ಹಾಕ್ಲಿ?"

ಇದಕ್ಕೆ ಉತ್ತರ ಓನರಮ್ಮನಿಂದ ಬಂತು. "ಕುಚ್ಚು ಕಟ್ಟೋ ಕೆಲ್ಸ ಅಂತ ಹಾಕಪ್ಪಾ. ಬಾಡಿಗೆ ಅದ್ರಿಂದ ತಾನೇ ಬರೋದು? ಮನೆ ಕೊಡೋಳು ನಾನು, ತಗೊಳ್ಳೋಳು ಇವ್ಳು. ನಿನ್ ಫಾರ್ಮ್ಯಾಟಿಗೇನ್ ಕಷ್ಟ?" ಟೈಪ್ ಮಾಡುವವರು ತಲೆಯಾಡಿಸಿ ಬರೆದರು. ಅಕ್ಕ ಮೂರು ಬೆರಳಲ್ಲಿ ಪೆನ್ನು ಹಿಡಿದು ಸಹಿ ಹಾಕಿದಳು.

ಆ ಬಳಿಕ ನಾನು ಯಾವ ಗಂಡನನ್ನೂ ಎಲ್ಲಿಗೂ ಕಳಿಸಿಲ್ಲ. ಇದರಿಂದ ನಮಗೆ ಸಿಗದೆ ಹೋದ ಮನೆಗಳು ಬಹಳ. ಕೆಲವು ಸಲ ಸಂಜೆಯವರೆಗೆ ನಡೆದು, ಕಾಲು ಊದಿ, ಬರಿಗೈಯಲ್ಲಿ ಹಿಂದಿರುಗುತ್ತೇವೆ. ಹಾಗೆ ಹಿಂದಿರುಗುವುದು ನಮ್ಮ ಸೋಲೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮುಚ್ಚಿದ ಬಾಗಿಲಿನ ನಾಚಿಕೆ ಮುಚ್ಚಿದವರದು. ನಾವು ಒಂಬತ್ತನೆಯ ಬಾಗಿಲು ತಟ್ಟುತ್ತೇವೆ, ಹತ್ತನೆಯದನ್ನೂ ತಟ್ಟುತ್ತೇವೆ. ಪ್ರಶ್ನೆ ಬಂದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.

ಕಳೆದ ತಿಂಗಳು ಅಕ್ಕನ ಮನೆಯಲ್ಲಿದ್ದೆ. ಆಕೆ ಕಿಟಕಿಯ ಬೆಳಕಿನಲ್ಲಿ ಹಸಿರು ಸೀರೆಯೊಂದಕ್ಕೆ ಕುಚ್ಚು ಕಟ್ಟುತ್ತಿದ್ದಳು. ಕೆಳಗೆ ಗ್ಯಾಸ್ ಸಿಲಿಂಡರಿನವನು ಗೇಟು ಬಡಿದು ಕೂಗಿದ. "ಮೂರನೇ ಫ್ಲೋರ್! ಮನೆಯವ್ರು ಇದಾರಾ?"

ಅಕ್ಕನ ಬಾಯಲ್ಲಿ ದಾರವಿತ್ತು. ಮಗಳು ಪುಸ್ತಕ ಬಿಟ್ಟೆದ್ದು, ಬಾಲ್ಕನಿಯ ಕಂಬಿಯ ಮೇಲೆ ಬಗ್ಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಇದೀವಿ! ಹೇಳಿ!"